ಹೊಸದರಂತಿರುವ ಕಾರ್ಡ್‌ಗೆ 7 ಯಾಕೆ ಬಂತು?

ಪ್ರಶ್ನೆ: ಶಾಲೆಗೆ ಹೋಗುವಾಗ ಕೂಡಿಟ್ಟ ಪೋಕೆಮಾನ್ ಕಾರ್ಡ್‌ಗಳು ನನ್ನ ಹತ್ತಿರ ಇವೆ. ಜೊತೆಗೆ ಕೆಲವು ಹಳೆಯ ಕ್ರೀಡಾ ಕಾರ್ಡ್‌ಗಳೂ ಇವೆ. ಪ್ಯಾಕೆಟ್ ಒಡೆದ ದಿನವೇ ಎಲ್ಲವನ್ನೂ ರಿಂಗ್ ಫೈಲಿನ ಪ್ಲಾಸ್ಟಿಕ್ ಜೇಬುಗಳಿಗೆ ಸೇರಿಸಿದ್ದೆ. ಯಾವುದರಲ್ಲೂ ಆಟ ಆಡಿಲ್ಲ. ತುಂಬಾ ಚೆನ್ನಾಗಿದ್ದ ಒಂದು ಹೋಲೋ (ಚಿತ್ರ ಮಿನುಗುವ) ಕಾರ್ಡನ್ನು, ಕಾರ್ಡ್‌ಗಳ ಸ್ಥಿತಿ ನೋಡಿ 10ರವರೆಗೆ ಅಂಕ ಕೊಡುವ ಪಿಎಸ್‌ಎ ಸಂಸ್ಥೆಗೆ ಗ್ರೇಡಿಂಗ್‌ಗೆ ಕಳಿಸಿದೆ. 10 ಗ್ಯಾರಂಟಿ ಅಂದುಕೊಂಡಿದ್ದೆ, 7 ಬಂತು. ಕಾರಣ ತಿಳಿಯಲಿಲ್ಲ. ಉಳಿದವನ್ನು ಕಳಿಸುವ ಮೊದಲು ನಾನೇ ನೋಡಿ ಗ್ರೇಡ್ ಅಂದಾಜು ಮಾಡುವುದು ಹೇಗೆ? ಸ್ವಲ್ಪ ಒರೆಸಿ ಕಳಿಸಿದರೆ ಜಾಸ್ತಿ ಬರುತ್ತದೆಯೇ?

ಉತ್ತರ: 7 ಬಂತು ಅಂದರೆ ನೀವು ಕಾರ್ಡನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಅರ್ಥ ಅಲ್ಲ. ಆಟ ಆಡಿಲ್ಲ, ಯಾರ ಕೈಗೂ ಕೊಟ್ಟಿಲ್ಲ ಅನ್ನುವುದು ನಿಮ್ಮ ಎಚ್ಚರಿಕೆಯ ಕಥೆ. ಗ್ರೇಡ್ ಮಾಡುವವರ ಕೈಗೆ ಆ ಕಥೆ ಹೋಗುವುದಿಲ್ಲ, ಕಾರ್ಡ್ ಮಾತ್ರ ಹೋಗುತ್ತದೆ. ಕಾರ್ಡ್‌ನ ಸ್ಥಿತಿ ಶುರುವಾಗುವುದೂ ನಿಮ್ಮ ಮನೆಯಲ್ಲಲ್ಲ, ಅಚ್ಚಿನ ಮನೆಯಲ್ಲಿ. ದೊಡ್ಡ ಹಾಳೆಯ ಮೇಲೆ ಹತ್ತಾರು ಕಾರ್ಡ್‌ಗಳನ್ನು ಒಟ್ಟಿಗೆ ಅಚ್ಚು ಮಾಡಿ ಆಮೇಲೆ ಕತ್ತರಿಸುತ್ತಾರೆ. ಹಾಳೆ ಒಂದು ಕೂದಲೆಳೆ ಸರಿದರೆ ಚಿತ್ರ ಪಕ್ಕಕ್ಕೆ ಹೋಗುತ್ತದೆ. ಬ್ಲೇಡ್ ಮೊಂಡಾಗಿದ್ದರೆ ಅಂಚು ಜುಂಗುಜುಂಗಾಗುತ್ತದೆ. ರೋಲರ್ ಮೇಲೆ ಏನಾದರೂ ಅಂಟಿದ್ದರೆ ಹೊಳಪಿನ ಮೇಲೆ ಗೆರೆ ಬೀಳುತ್ತದೆ. ಇದೆಲ್ಲಾ ನೀವು ಪ್ಯಾಕೆಟ್ ಒಡೆಯುವ ಮೊದಲೇ ಆಗಿರುತ್ತದೆ. ಹಾಗಾಗಿ ಆಗತಾನೇ ಪ್ಯಾಕೆಟ್‌ನಿಂದ ಹೊರಬಂದ ಕಾರ್ಡ್‌ಗೂ 8 ಬರಬಹುದು, 7 ಕೂಡ ಬರಬಹುದು.

ಇನ್ನೊಂದು ಮಾತನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಗ್ರೇಡ್ ಅನ್ನುವುದು ಸರಾಸರಿ ಅಲ್ಲ. ಮೂರು ಮೂಲೆ ಸೂಜಿಯಷ್ಟು ಚೂಪಾಗಿದ್ದು ಒಂದು ಮೂಲೆ ಮೊಂಡಾಗಿದ್ದರೆ, ಆ ಒಂದು ಮೂಲೆಯೇ ಕಾರ್ಡ್‌ನ ಹಣೆಬರಹ ಬರೆಯುತ್ತದೆ. ನಾವು ಇಷ್ಟಪಟ್ಟು ಕೂಡಿಟ್ಟ ಕಾರ್ಡನ್ನು ನೋಡುವಾಗ ಕಣ್ಣು ತಾನಾಗಿ ಚಿತ್ರದ ಮೇಲೆ, ಬಣ್ಣದ ಮೇಲೆ, ಹೊಳಪಿನ ಮೇಲೆ ಹೋಗುತ್ತದೆ. ಗ್ರೇಡ್ ಮಾಡುವವರು ಹುಡುಕುವುದು ಬೇರೆಯದನ್ನೇ: ಈ ಕಾರ್ಡ್‌ನ ಅತಿ ಕೆಟ್ಟ ಜಾಗ ಯಾವುದು? ಮನೆಯಲ್ಲಿ ಅಂದಾಜು ಮಾಡುವಾಗ ನೀವು ಕಲಿಯಬೇಕಾದದ್ದು ಇದೊಂದೇ ಅಭ್ಯಾಸ. ಉಳಿದದ್ದೆಲ್ಲಾ ಆ ಜಾಗವನ್ನು ಹುಡುಕುವ ದಾರಿಗಳು.

ನೋಡುವ ವ್ಯವಸ್ಥೆ ಸರಳವಾಗಿರಲಿ. ಕೈ ತೊಳೆದು ಪೂರ್ತಿ ಒಣಗಿಸಿ. ಮೇಜಿನ ಮೇಲೆ ಧೂಳಿಲ್ಲದ ಮೆತ್ತನೆ ಬಟ್ಟೆ ಹಾಸಿ. ಕೋಣೆಯ ದೊಡ್ಡ ದೀಪ ಆರಿಸಿ ಒಂದೇ ಒಂದು ಟೇಬಲ್ ಲ್ಯಾಂಪ್ ಹಚ್ಚಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು ಬೇಕು, ಆಭರಣ ನೋಡುವವರು ಬಳಸುವಂಥದ್ದು. ಕಾರ್ಡನ್ನು ಕವರ್‌ನಿಂದ ಹೊರಗೆ ತೆಗೆಯಲೇಬೇಕು. ಕವರ್ ಒಳಗೆ ಇಟ್ಟು ನೋಡಿದರೆ ಪ್ಲಾಸ್ಟಿಕ್‌ನ ಗೀರು ಯಾವುದು, ಕಾರ್ಡ್‌ನ ಗೀರು ಯಾವುದು ಗೊತ್ತಾಗುವುದಿಲ್ಲ. ಹಿಡಿಯುವುದು ಅಂಚುಗಳನ್ನು ಮಾತ್ರ. ಮೊದಲು ಕೈಯಳತೆ ದೂರದಿಂದ ಬರಿಗಣ್ಣಿನಲ್ಲಿ ನೋಡಿ, ಆಮೇಲೆ ಬೆಳಕಿಗೆ ಓರೆ ಮಾಡಿ ನೋಡಿ, ಕೊನೆಗೆ ಲೂಪ್ ಹಿಡಿಯಿರಿ. ಈ ಕ್ರಮ ತಿರುಗಿಸಬೇಡಿ. ಮೊದಲೇ ಲೂಪ್ ಹಿಡಿದರೆ ಪ್ರತಿಯೊಂದು ಕಾರ್ಡೂ ಹಾಳಾದಂತೆ ಕಾಣುತ್ತದೆ, ಯಾವುದು ಮುಖ್ಯ ಯಾವುದು ಅಲ್ಲ ಅನ್ನುವ ಅಂದಾಜೇ ತಪ್ಪಿಹೋಗುತ್ತದೆ.

ನೋಡಬೇಕಾದದ್ದು ನಾಲ್ಕು: ಸೆಂಟರಿಂಗ್ (ಚಿತ್ರ ಕಾರ್ಡ್‌ನ ನಟ್ಟನಡುವೆ ಕೂತಿದೆಯೇ ಅನ್ನುವುದು), ಮೂಲೆ, ಅಂಚು, ಮೇಲ್ಮೈ. ಇವುಗಳಲ್ಲಿ ಸೆಂಟರಿಂಗ್ ಒಂದನ್ನೇ ಅಳತೆಗೋಲಿನಿಂದ ಖಚಿತವಾಗಿ ಹೇಳಬಹುದು, ಅದಕ್ಕೇ ಅಲ್ಲಿಂದ ಶುರು ಮಾಡಿ. ಚಿತ್ರದ ಚೌಕಟ್ಟಿಗೂ ಕಾರ್ಡ್‌ನ ಅಂಚಿಗೂ ನಡುವೆ ಇರುವ ಬಣ್ಣದ ಪಟ್ಟಿಯನ್ನು ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಅಳೆಯಿರಿ. ಎಡಕ್ಕೆ 3.6 ಮಿ.ಮೀ., ಬಲಕ್ಕೆ 2.4 ಮಿ.ಮೀ. ಸಿಕ್ಕಿತು ಅಂತ ಇಟ್ಟುಕೊಳ್ಳಿ. ಒಟ್ಟು 6. ಎಡದ ಪಾಲು ನೂರಕ್ಕೆ 60, ಬಲದ ಪಾಲು 40. ಇದನ್ನೇ 60/40 ಅನ್ನುತ್ತಾರೆ. ಮೇಲೆ ಕೆಳಗಿನ ಲೆಕ್ಕವೂ ಹೀಗೇ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದಾಗಿದೆಯೋ ಅದೇ ಲೆಕ್ಕಕ್ಕೆ ಬರುತ್ತದೆ.

ಈಗ ಮಿತಿ ಎಷ್ಟು ಬಿಗಿಯಾಗಿದೆ ನೋಡಿ. ಪಿಎಸ್‌ಎ 10 ಕೊಡಲು ಮುಂಭಾಗ 55/45ರ ಒಳಗೆ ಇರಬೇಕು ಅನ್ನುತ್ತದೆ. ಮೊದಲು 60/40ರವರೆಗೂ ಬಿಡುತ್ತಿದ್ದರು, ಈಗ ಬಿಗಿ ಮಾಡಿದ್ದಾರೆ. ನಮ್ಮ ಉದಾಹರಣೆಯ ಕಾರ್ಡ್‌ನಲ್ಲಿ 55/45 ಅಂದರೆ ಒಂದು ಕಡೆ 3.3, ಇನ್ನೊಂದು ಕಡೆ 2.7. ಎರಡರ ನಡುವೆ ಇರುವ ವ್ಯತ್ಯಾಸ ಬರೀ 0.6 ಮಿ.ಮೀ. ಬರಿಗಣ್ಣಿಗೆ ಇದು ಸರಿಯಾಗಿಯೇ ಇದೆ ಅನಿಸುತ್ತದೆ. ಅದಕ್ಕೇ ಸುಮ್ನೆ ನೋಡಿ ಹೇಳಬೇಡಿ, ಅಳೆಯಿರಿ. ಸ್ಕ್ಯಾನರ್ ಇದ್ದರೆ ಇನ್ನೂ ಒಳ್ಳೆಯದು. ಗಾಜನ್ನು ಚೆನ್ನಾಗಿ ಒರೆಸಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಮಿ.ಮೀ.ಗೆ ಸುಮಾರು 24 ಪಿಕ್ಸೆಲ್ ಬರುತ್ತದೆ. ಪಿಕ್ಸೆಲ್ ಎಣಿಸಿ ಭಾಗಿಸಿದರೆ ಉತ್ತರ ಕೈಯಲ್ಲಿರುತ್ತದೆ. ಫೋನಿನ ಫೋಟೋ ನಂಬಬೇಡಿ, ಫೋನ್ ಸ್ವಲ್ಪ ಓರೆಯಾದರೂ ಒಂದು ಪಟ್ಟಿ ದಪ್ಪ ಕಾಣುತ್ತದೆ.

ಹಿಂಭಾಗಕ್ಕೆ ಮಿತಿ ಸಡಿಲ. 10ಕ್ಕೂ 75/25 ನಡೆಯುತ್ತದೆ, ಕೆಳಗಿನ ದರ್ಜೆಗಳಿಗೆ 90/10ರವರೆಗೂ ಬಿಡುತ್ತಾರೆ. ಮುಂಭಾಗ 70/30 ಆಸುಪಾಸು ಇದ್ದರೆ, ಉಳಿದೆಲ್ಲಾ ಚೊಕ್ಕವಾಗಿದ್ದರೂ ನೀವು 7ರ ಹತ್ತಿರ ಇದ್ದೀರಿ ಅಂತಲೇ ತಿಳಿಯಿರಿ. ಬೆಕೆಟ್ ಅನ್ನುವ ಇನ್ನೊಂದು ಗ್ರೇಡಿಂಗ್ ಸಂಸ್ಥೆಯವರು ಸೆಂಟರಿಂಗ್‌ಗೆ 10 ಕೊಡಬೇಕಾದರೆ ಮುಂಭಾಗ 50/50 ಕೇಳುತ್ತಾರೆ, ಅಷ್ಟು ನಿಖರ. ಕೆಲವು ಕಾರ್ಡ್‌ಗಳಲ್ಲಿ ಇನ್ನೊಂದು ತೊಂದರೆ ಇರುತ್ತದೆ. ಮೇಲ್ಗಡೆ ಎಡ ಪಟ್ಟಿ ದಪ್ಪ, ಕೆಳಗಡೆ ಬಲ ಪಟ್ಟಿ ದಪ್ಪ. ಹಾಳೆ ಓರೆಯಾಗಿ ಬ್ಲೇಡ್‌ಗೆ ಸಿಕ್ಕಿದ್ದರ ಫಲ ಇದು, ಡೈಮಂಡ್ ಕಟ್ ಅಂತಾರೆ. ನಡುವೆ ಅಳೆದರೆ 50/50 ಸಿಗಬಹುದು, ಆದರೂ ಕಾರ್ಡ್ ಸೊಟ್ಟಗೆ ಕಾಣುತ್ತದೆ. ಹಾಗಾಗಿ ಪ್ರತಿ ಪಟ್ಟಿಯನ್ನೂ ಎರಡೂ ತುದಿಯಲ್ಲಿ ಅಳೆಯುವುದು ಒಳ್ಳೆಯದು.

ಮೂಲೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕಂದರೆ ಇವು ಎಲ್ಲರಿಗೂ ಕಣ್ಣಿಗೆ ಬೀಳುತ್ತವೆ. ಜನ ಮರೆಯುವುದು ಹಿಂಭಾಗದ ಮೂಲೆಗಳನ್ನು. ಪೋಕೆಮಾನ್ ಕಾರ್ಡ್‌ನ ಬೆನ್ನು ಗಾಢ ನೀಲಿ. ಅಲ್ಲಿ ಬಣ್ಣ ಒಂದು ಚುಕ್ಕಿಯಷ್ಟು ಹೋದರೂ ಒಳಗಿನ ಬಿಳಿ ಕಾಗದ ಎದ್ದು ಕಾಣುತ್ತದೆ. ಮುಂದಿನಿಂದ ನೋಡಿದಾಗ ಅದೇ ಮೂಲೆ ಹಳದಿ ಬಣ್ಣದಲ್ಲಿ ಅಡಗಿರುತ್ತದೆ. ಆದ್ದರಿಂದ ಮೂಲೆ ನೋಡುವಾಗ ಮೊದಲು ಕಾರ್ಡನ್ನು ಬೋರಲು ಹಾಕಿ.

ಅಂಚಿನ ಕಥೆಯೂ ಬಣ್ಣದ ಮೇಲೆಯೇ ನಿಂತಿದೆ. ಬಿಳಿ ಅಂಚಿನ ಕಾರ್ಡ್ ಸಣ್ಣಪುಟ್ಟ ಏಟನ್ನು ಮುಚ್ಚಿಡುತ್ತದೆ. ಕಪ್ಪು ಅಂಚಿನದು ಎಲ್ಲವನ್ನೂ ಬಾಯಿಬಿಡುತ್ತದೆ. 1971ರ ಟಾಪ್ಸ್ ಬೇಸ್‌ಬಾಲ್ ಕಾರ್ಡ್‌ಗಳಿಗೆ ಕಪ್ಪು ಅಂಚು. ಅವುಗಳಲ್ಲಿ ಒಳ್ಳೆ ಗ್ರೇಡ್ ಸಿಗುವುದು ಎಷ್ಟು ಕಷ್ಟ ಅಂತ ಹಳಬರಿಗೆಲ್ಲಾ ಗೊತ್ತು. 1986ರ ಫ್ಲೀರ್ ಸರಣಿಯ ಮೈಕಲ್ ಜೋರ್ಡನ್ ಕಾರ್ಡ್‌ಗೂ ಬಣ್ಣದ ಅಂಚೇ ಶತ್ರು. ಕೆನಡಾದ ಓ-ಪೀ-ಚೀ ಕಂಪನಿಯ ಐಸ್ ಹಾಕಿ ಕಾರ್ಡ್‌ಗಳ ಅಂಚು ಎಷ್ಟೋ ಸಲ ಒರಟಾಗಿ, ಎಳೆ ಎದ್ದ ಹಾಗೆ ಇರುತ್ತದೆ. ಅದು ಕಾರ್ಖಾನೆಯಲ್ಲೇ ಹಾಗೆ ಕತ್ತರಿಸಿದ್ದು. ಅಂಥ ಒರಟು ಅಂಚು ಆ ಕಾರ್ಡ್‌ನ ಸಹಜ ಗುರುತು. ಒರಟಾಗಿ ಇರಬೇಕಾದ ಕಡೆ ಅಂಚು ನುಣ್ಣಗೆ, ಗಾಜಿನಂತೆ ಇದ್ದರೆ ನನಗೆ ಮೊದಲು ಅನುಮಾನ ಬರುತ್ತದೆ. ಯಾರೋ ಆಮೇಲೆ ಕತ್ತರಿಸಿರಬಹುದು. ನಿಮ್ಮ ಹಳೆಯ ಕ್ರೀಡಾ ಕಾರ್ಡ್‌ಗಳನ್ನು ನೋಡುವಾಗ, ಆ ವರ್ಷದ ಆ ಸರಣಿಯ ಕಾರ್ಡ್ ಹುಟ್ಟಿನಿಂದ ಹೇಗಿತ್ತು ಅನ್ನುವುದು ಗೊತ್ತಿರಬೇಕು. ಅದೇ ಸರಣಿಯ ಅಗ್ಗದ ಕಾರ್ಡ್‌ಗಳು ನಾಲ್ಕಾರು ಕೈಯಲ್ಲಿದ್ದರೆ ಅವನ್ನು ಪಕ್ಕದಲ್ಲಿಟ್ಟು ಹೋಲಿಸಿ. ಯಾವ ಪುಸ್ತಕಕ್ಕಿಂತಲೂ ಅದು ಚೆನ್ನಾಗಿ ಕಲಿಸುತ್ತದೆ.

ಇನ್ನು ಮೇಲ್ಮೈ. ಗ್ರೇಡ್ ಕಳೆದುಕೊಂಡವರು ಹೆಚ್ಚಾಗಿ ಕಳೆದುಕೊಳ್ಳುವುದು ಇಲ್ಲೇ. ನಿಮ್ಮ ಹೋಲೋ ಕಾರ್ಡ್‌ಗೂ ಇಲ್ಲೇ ಏಟು ಬಿದ್ದಿರಬೇಕು ಅನ್ನುವುದು ನನ್ನ ಊಹೆ. ನೇರ ಬೆಳಕಿನಲ್ಲಿ ಮೇಲ್ಮೈಯ ದೋಷ ಕಾಣುವುದಿಲ್ಲ. ಚೊಕ್ಕವಾಗಿದೆ ಅಂದುಕೊಂಡ ಕಿಟಕಿಯ ಗಾಜಿನ ಮೇಲೆ ಸಂಜೆಯ ಓರೆ ಬಿಸಿಲು ಬಿದ್ದಾಗ ಒಂದೊಂದು ಗೀರೂ ಎದ್ದು ಕಾಣುತ್ತದಲ್ಲ, ಹಾಗೇ ಇದು. ಲ್ಯಾಂಪ್ ನಿಮ್ಮ ಎದುರಿಗೆ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇರಲಿ. ಕಾರ್ಡನ್ನು ಬಹುತೇಕ ಮಲಗಿಸಿದ ಹಾಗೆ ಹಿಡಿದು, ದೀಪದ ಪ್ರತಿಬಿಂಬ ಅದರ ಮೇಲೆ ಬೀಳುವಂತೆ ಮಾಡಿ. ಈಗ ಆ ಬೆಳಕಿನ ಪಟ್ಟಿ ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ನಿಧಾನವಾಗಿ ಜಾರುವ ಹಾಗೆ ಕಾರ್ಡನ್ನು ಓಲಿಸಿ. ಆಮೇಲೆ ಕಾರ್ಡನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅದನ್ನೇ ಮಾಡಿ. ಇದು ಮುಖ್ಯ. ಒಂದು ದಿಕ್ಕಿನಲ್ಲಿ ಪೂರ್ತಿ ಮಾಯವಾಗಿರುವ ಗೀರು ಇನ್ನೊಂದು ದಿಕ್ಕಿನಲ್ಲಿ ಬೆಳ್ಳಿ ಎಳೆಯ ಹಾಗೆ ಹೊಳೆಯುತ್ತದೆ.

ಬೆಳಕಿನ ಪಟ್ಟಿ ಜಾರುವಾಗ ಏನೇನು ಕಾಣಬಹುದು? ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಗೆರೆ ಇದ್ದರೆ ಅದು ಅಚ್ಚಿನ ಗೆರೆ, ಕಾರ್ಖಾನೆಯದ್ದು. ಗೆರೆ ಸ್ವಲ್ಪ ಬಾಗಿದ್ದರೆ, ಎಲ್ಲೋ ಶುರುವಾಗಿ ಎಲ್ಲೋ ನಿಂತಿದ್ದರೆ, ಒಂದು ಕಡೆ ಆಳ ಒಂದು ಕಡೆ ತೇಲಿದ್ದರೆ ಅದು ಆಮೇಲೆ ಬಿದ್ದ ಗೀರು. ಇವೆರಡಕ್ಕೂ ಅಂಕ ಹೋಗುತ್ತದೆ, ಆದರೆ ಸಮನಾಗಿ ಅಲ್ಲ. ಪಿಎಸ್‌ಎ 10ರ ವಿವರಣೆಯಲ್ಲೇ, ಕಾರ್ಡ್‌ನ ಅಂದ ಕೆಡಿಸದ ಸಣ್ಣ ಅಚ್ಚಿನ ದೋಷಕ್ಕೆ ಜಾಗ ಇದೆ. ಗೀರಿಗೆ ಅಂಥ ರಿಯಾಯಿತಿ ಇಲ್ಲ. ನಿಮ್ಮದರಂಥ ಹಳೆಯ ಹೋಲೋಗಳಲ್ಲಿ ಚಿತ್ರದ ಚೌಕದಲ್ಲಿ ಮಾತ್ರ ಹೋಲೋ ಹೊಳಪು ಕಾಣುತ್ತದೆ. ಗೀರುಗಳೂ ಅಲ್ಲೇ ಗುಂಪುಗೂಡುತ್ತವೆ. ಪ್ಲಾಸ್ಟಿಕ್ ಜೇಬಿಗೆ ಹಾಕಿ ತೆಗೆಯುವಾಗ ಒಳಗೆ ಸಿಕ್ಕಿದ ಒಂದು ಧೂಳಿನ ಕಣ ಸಾಕು, ಉದ್ದಕ್ಕೆ ಒಂದು ಎಳೆ ಎಳೆದುಬಿಡುತ್ತದೆ.

ಗೀರಿಗಿಂತ ಕೆಟ್ಟದ್ದು ತಗ್ಗು. ಬಣ್ಣ ಹೋಗಿರುವುದಿಲ್ಲ, ಹೊಳಪೂ ಹೋಗಿರುವುದಿಲ್ಲ, ಕಾಗದ ಮಾತ್ರ ಒಳಗೆ ಒತ್ತಿರುತ್ತದೆ. ನೇರ ನೋಡಿದರೆ ಏನೂ ಇಲ್ಲ. ಬೆಳಕಿನ ಪಟ್ಟಿ ಅದರ ಮೇಲೆ ಬಂದಾಗ ಮಾತ್ರ ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಉಬ್ಬುತ್ತದೆ. ನೀವು ರಿಂಗ್ ಫೈಲ್ ಅಂದಿದ್ದೀರಿ. ರಿಂಗಿಗೆ ಹತ್ತಿರದ ಸಾಲಿನಲ್ಲಿದ್ದ ಕಾರ್ಡ್‌ಗಳನ್ನು ತೆಗೆದು, ರಿಂಗಿನ ಕಡೆ ಇದ್ದ ಅಂಚಿನ ಪಕ್ಕವನ್ನು ಓರೆ ಬೆಳಕಿನಲ್ಲಿ ನೋಡಿ. ಫೈಲ್ ಮುಚ್ಚಿದಾಗ ಹಾಳೆಗಳು ರಿಂಗಿನ ಮೇಲೆ ಏರಿ ಕೂತು, ಅದರ ಬಾಗು ಕಾರ್ಡ್‌ಗೆ ಒತ್ತಿಕೊಳ್ಳುತ್ತದೆ. ಉಗುರಿನ ತುದಿಯಷ್ಟು ಉದ್ದದ, ಅರ್ಧಚಂದ್ರದ ಹಾಗಿರುವ ಮಸುಕು ತಗ್ಗು ಕಂಡರೆ ನಿಮ್ಮ 7ಕ್ಕೆ ಉತ್ತರ ಸಿಕ್ಕಿತು. ವರ್ಷಗಟ್ಟಲೆ ಯಾರೂ ಮುಟ್ಟದೆ ಇಟ್ಟ ಕಾರ್ಡ್‌ಗಳಲ್ಲಿ ನನ್ನ ಕಣ್ಣಿಗೆ ಹೆಚ್ಚಾಗಿ ಬಿದ್ದಿರುವ ದೋಷ ಇದೇ. ನೋಡಿದಾಗಲೆಲ್ಲಾ ಹೊಟ್ಟೆ ಉರಿಯುತ್ತದೆ, ಯಾಕಂದರೆ ಅಷ್ಟು ಜೋಪಾನ ಮಾಡಿದವರಿಗೇ ಈ ಶಿಕ್ಷೆ.

ಮಡಿಕೆ ಅದಕ್ಕಿಂತಲೂ ದೊಡ್ಡ ದೋಷ. ಬಣ್ಣ ಒಡೆದು ಬಿಳಿ ಗೆರೆ ಕಾಣುವ ಮಡಿಕೆ ಯಾರಿಗಾದರೂ ಗೊತ್ತಾಗುತ್ತದೆ. ಮೇಲಿನ ಪದರ ಮಾತ್ರ ಸುಕ್ಕಾದದ್ದು ಲೂಪ್ ಇಲ್ಲದೆ ಸಿಗುವುದಿಲ್ಲ. ಪಿಎಸ್‌ಎ ವಿವರಣೆಗಳನ್ನು ಮೇಲಿನಿಂದ ಕೆಳಗೆ ಓದುತ್ತಾ ಬಂದರೆ, ಸಣ್ಣ ಮಡಿಕೆ ಇರಬಹುದು ಅನ್ನುವ ಮಾತು ಬರುವುದು 4ಕ್ಕೆ ಇಳಿದ ಮೇಲೆ. ಅಂದರೆ ಬೇರೆಲ್ಲಾ ರೀತಿಯಲ್ಲಿ 9ರಂತಿರುವ ಕಾರ್ಡ್ ಒಂದು ಸಣ್ಣ ಸುಕ್ಕಿನಿಂದ ಅಷ್ಟು ಕೆಳಗೆ ಜಾರಬಹುದು. ಗಟ್ಟಿ ಕವರ್‌ನಲ್ಲಿಟ್ಟ ಕಾರ್ಡ್‌ಗೆ 4 ಬಂದು ಮಾಲೀಕರು ಕಂಗಾಲಾಗುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಇನ್ನು 7ರ ಬಗ್ಗೆಯೇ ಪಿಎಸ್‌ಎ ಏನು ಹೇಳುತ್ತದೆ ನೋಡೋಣ. ಹತ್ತಿರದಿಂದ ನೋಡಿದರೆ ಮಾತ್ರ ಕಾಣುವ ಸ್ವಲ್ಪ ಸವೆತ, ಕೆಲವು ಮೂಲೆಗಳಲ್ಲಿ ಸ್ವಲ್ಪ ಎಳೆ ಎದ್ದಿರುವುದು, ಚಿಕ್ಕ ಅಚ್ಚಿನ ಕಲೆ, ಮೂಲ ಹೊಳಪು ಬಹುಪಾಲು ಉಳಿದಿರುವುದು. ಆ ದರ್ಜೆಯ ಹೆಸರೇ ನಿಯರ್ ಮಿಂಟ್. 8 ನಿಯರ್ ಮಿಂಟ್-ಮಿಂಟ್, 9 ಮಿಂಟ್, 10 ಜೆಮ್ ಮಿಂಟ್. ಗೊಂದಲ ಹುಟ್ಟುವುದು ಇಲ್ಲಿ. ಆಡುವ ಕಾರ್ಡ್‌ಗಳನ್ನು ಬಿಡಿಯಾಗಿ ಮಾರುವ ಕಡೆ ಬೇರೆ ಅಳತೆ ನಡೆಯುತ್ತದೆ: ನಿಯರ್ ಮಿಂಟ್, ಲೈಟ್ಲಿ ಪ್ಲೇಡ್, ಮಾಡರೇಟ್ಲಿ ಪ್ಲೇಡ್, ಹೆವಿಲಿ ಪ್ಲೇಡ್, ಡ್ಯಾಮೇಜ್ಡ್. ಅಲ್ಲಿ ನಿಯರ್ ಮಿಂಟ್ ಅನ್ನುವುದೇ ಮೇಲಿನ ತುದಿ, ಅದರೊಳಗೆ 7ರಂಥ ಕಾರ್ಡೂ ಸೇರುತ್ತದೆ, 10ರಂಥದ್ದೂ ಸೇರುತ್ತದೆ. ಒಬ್ಬ ಮಾರಾಟಗಾರ ನಿಯರ್ ಮಿಂಟ್ ಅಂತ ಕೊಟ್ಟ ಕಾರ್ಡ್‌ಗೆ 7 ಬಂದರೆ ಅವನು ಮೋಸ ಮಾಡಿದ ಅಂತ ಅಲ್ಲ. ಅವನು ತನ್ನ ಅಳತೆಯಲ್ಲಿ ಸರಿಯಾಗಿಯೇ ಹೇಳಿದ್ದಾನೆ. ಗ್ರೇಡಿಂಗ್‌ಗೆ ಕಳಿಸಲು ಬಿಡಿ ಕಾರ್ಡ್ ಕೊಳ್ಳುವವರು ಇದನ್ನು ನೆನಪಿಡಬೇಕು.

ಗ್ರೇಡ್ ಮಾಡುವ ಸಂಸ್ಥೆಗಳೂ ಒಂದೇ ರೀತಿ ಇಲ್ಲ. ಪಿಎಸ್‌ಎ 1991ರಿಂದ ಇದೆ. ಒಂದೇ ಒಟ್ಟು ಅಂಕ ಕೊಡುತ್ತದೆ. ಸೆಂಟರಿಂಗ್ ತುಂಬಾ ಕೆಟ್ಟಿದ್ದು ಉಳಿದದ್ದು ಚೆನ್ನಾಗಿದ್ದರೆ ಅಂಕದ ಪಕ್ಕ ಓಸಿ (ಆಫ್ ಸೆಂಟರ್) ಅನ್ನುವ ಗುರುತು ಹಾಕುವ ಪದ್ಧತಿಯೂ ಅಲ್ಲಿದೆ. ಕಲೆಗೆ, ಬರಹದ ಗುರುತಿಗೆ, ಅಚ್ಚಿನ ದೋಷಕ್ಕೆ ಬೇರೆ ಬೇರೆ ಗುರುತುಗಳಿವೆ. ಬೆಕೆಟ್ 1999ರಲ್ಲಿ ಗ್ರೇಡಿಂಗ್ ಶುರು ಮಾಡಿತು. ನಾಲ್ಕೂ ಅಂಶಕ್ಕೆ ಬೇರೆ ಬೇರೆ ಅಂಕ ಲೇಬಲ್ ಮೇಲೆಯೇ ಬರೆಯುವ ಪದ್ಧತಿಗೆ ಅದು ಹೆಸರುವಾಸಿ. ನಾಲ್ಕೂ 10 ಬಂದರೆ ಕಪ್ಪು ಲೇಬಲ್ ಸಿಗುತ್ತದೆ. ಎಸ್‌ಜಿಸಿ ಹಳೆಯ ಕ್ರೀಡಾ ಕಾರ್ಡ್ ಕೂಡಿಡುವವರಿಗೆ ಮೊದಲಿಂದ ಪರಿಚಿತ. ಕಾಮಿಕ್ಸ್ ಗ್ರೇಡ್ ಮಾಡಿ ಹೆಸರು ಗಳಿಸಿದ ಸಿಜಿಸಿ 2020ರಲ್ಲಿ ಕಾರ್ಡ್‌ಗಳಿಗೂ ಕೈ ಹಾಕಿತು. ನಿಮ್ಮಂತೆ ಕಲಿಯಬೇಕು ಅನ್ನುವವರಿಗೆ, ಒಂದು ಕಾರ್ಡನ್ನಾದರೂ ಬಿಡಿ ಅಂಕ ಕೊಡುವ ಕಡೆ ಕಳಿಸಿ ಅನ್ನುತ್ತೇನೆ. ಎಲ್ಲಿ ಹೋಯಿತು ಅಂತ ಗೊತ್ತಾಗದ 7ಕ್ಕಿಂತ, ಮೇಲ್ಮೈಗೆ 7.5 ಅಂತ ಬರೆದು ಬಂದ ಕಾರ್ಡ್ ಜಾಸ್ತಿ ಕಲಿಸುತ್ತದೆ.

ಅಂಕ ಕೊಡುವುದು ಮನುಷ್ಯರು. ಒಂದೇ ಕಾರ್ಡ್ ಎರಡನೇ ಸಲ ಹೋದಾಗ ಅರ್ಧ ಅಥವಾ ಒಂದು ಅಂಕ ಆಚೀಚೆ ಆಗುವುದುಂಟು. ಇದನ್ನೇ ನಂಬಿಕೊಂಡು ಸ್ಲ್ಯಾಬ್ (ಗ್ರೇಡ್ ಆದ ಕಾರ್ಡನ್ನು ಮುಚ್ಚಿ ಕಳಿಸುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ) ಒಡೆದು ಮತ್ತೆ ಮತ್ತೆ ಕಳಿಸುವವರಿದ್ದಾರೆ. ನಿಮ್ಮ 7ಕ್ಕೆ ಹಾಗೆ ಮಾಡಬೇಡಿ. ಗಡಿಯಲ್ಲಿ ನಿಂತ 9 ಇನ್ನೊಬ್ಬರ ಕೈಯಲ್ಲಿ 10 ಆಗಬಹುದು, ತಗ್ಗು ಬಿದ್ದ 7 ಯಾರ ಕೈಯಲ್ಲೂ 10 ಆಗುವುದಿಲ್ಲ. ಜೊತೆಗೆ ಸ್ಲ್ಯಾಬ್ ಒಡೆಯುವಾಗ ಪ್ಲಾಸ್ಟಿಕ್ ಚೂರು ತಗುಲಿ ಒಂದು ಮೂಲೆ ಹೋದರೆ 6 ಆಯಿತು.

ಒರೆಸುವ ಪ್ರಶ್ನೆಗೆ ಬರೋಣ. ಬ್ಲೋವರ್‌ನಿಂದ ಧೂಳು ಹಾರಿಸಬಹುದು. ಹೊಳಪಿನ ಮೇಲ್ಮೈಯಲ್ಲಿ ಬೆರಳಚ್ಚು ಇದ್ದರೆ ಹೊಸ, ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತದೆ, ನಡುವಿನಿಂದ ಹೊರಕ್ಕೆ ಹಗುರವಾಗಿ ಸವರಬಹುದು. ಧೂಳು ಹಾರಿಸಿದ ಮೇಲೆ ಮಾತ್ರ. ಇಲ್ಲದಿದ್ದರೆ ನೀವೇ ಗೀರು ಹಾಕಿದಂತೆ. ಅಷ್ಟಕ್ಕೇ ನಿಲ್ಲಿಸಿ. ನೀರು, ಸ್ಪಿರಿಟ್, ಪಾಲಿಶ್, ರಬ್ಬರ್, ಯಾವುದೂ ಬೇಡ. ಹೊಳಪಿಲ್ಲದ ಹಳೆಯ ಕಾಗದದ ಕಾರ್ಡ್‌ಗಳನ್ನಂತೂ ಒರೆಸಲೇಬೇಡಿ. ಅಂಚಿನ ಬಿಳಿ ಚುಕ್ಕಿಗೆ ಮಾರ್ಕರ್ ಹಚ್ಚುವುದು, ಮೊಂಡಾದ ಮೂಲೆಯನ್ನು ಕತ್ತರಿಸಿ ಚೂಪು ಮಾಡುವುದು, ತಗ್ಗಿಗೆ ಹಬೆ ಹಿಡಿದು ಒತ್ತುವುದು, ಇವೆಲ್ಲಾ ಕಾರ್ಡ್‌ನ ರೂಪ ಬದಲಿಸುವ ಕೆಲಸಗಳು. ಲೂಪ್ ಅಡಿಯಲ್ಲಿ ಮಾರ್ಕರ್ ಶಾಯಿ ಕಾಗದದ ಎಳೆಗಳೊಳಗೆ ಇಳಿದಿರುವುದು ಕಾಣುತ್ತದೆ. ನೇರಳಾತೀತ ದೀಪದಲ್ಲಿ ಅದರ ಬಣ್ಣವೇ ಬೇರೆ ಆಗಬಹುದು. ಸಿಕ್ಕಿಬಿದ್ದರೆ ಅಂಕವೇ ಸಿಗುವುದಿಲ್ಲ. ಕತ್ತರಿಸಿದ್ದು, ಬಣ್ಣ ಹಚ್ಚಿದ್ದು, ಸ್ವಚ್ಛ ಮಾಡಿದ್ದು, ಅಳತೆ ಕಡಿಮೆ ಇರುವುದು ಅಂತ ಕಾರಣ ಹಾಕಿ ಹಿಂದಕ್ಕೆ ಕಳಿಸುತ್ತಾರೆ ಅಥವಾ ಅಂಕವಿಲ್ಲದೆ ಬರೀ ಅಸಲಿ ಅನ್ನುವ ಲೇಬಲ್ ಹಾಕುತ್ತಾರೆ. ಇದು ಅಂಕದ ಮಾತಷ್ಟೇ ಅಲ್ಲ. ಮುಂದೆ ಆ ಕಾರ್ಡನ್ನು ಕೊಳ್ಳುವವರಿಗೆ ನೀವು ಹೇಳದೆ ಬಿಟ್ಟ ಒಂದು ಸುಳ್ಳು ಅದರೊಳಗೆ ಸೇರಿರುತ್ತದೆ.

ಈ ಸುಳ್ಳು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಈ ಹವ್ಯಾಸದ ಅತಿ ಪ್ರಸಿದ್ಧ ಕಾರ್ಡೇ ಸಾಕ್ಷಿ. 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕ್ ಜೊತೆ ಬಂದ ಟಿ206 ಸರಣಿಯಲ್ಲಿ ಹೋನಸ್ ವಾಗ್ನರ್ ಅನ್ನುವ ಬೇಸ್‌ಬಾಲ್ ಆಟಗಾರನ ಕಾರ್ಡ್ ಇದೆ. ತುಂಬಾ ಅಪರೂಪ. ಅದರ ಒಂದು ಪ್ರತಿಯನ್ನು 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಮತ್ತು ಅವನ ತಂಡದ ಆಗಿನ ಮಾಲೀಕ ಬ್ರೂಸ್ ಮೆಕ್‌ನಾಲ್ ಸೇರಿ ಹರಾಜಿನಲ್ಲಿ ಕೊಂಡರು. ಪಿಎಸ್‌ಎ ಮೊತ್ತಮೊದಲು ಗ್ರೇಡ್ ಮಾಡಿದ ಕಾರ್ಡೇ ಅದು, ಸಿಕ್ಕಿದ್ದು 8. ಅಷ್ಟು ಹಳೆಯ ಕಾರ್ಡ್‌ಗೆ ಅಷ್ಟು ಚೂಪಾದ ಅಂಚು ಹೇಗೆ ಅನ್ನುವ ಗುಸುಗುಸು ವರ್ಷಗಟ್ಟಲೆ ಇತ್ತು. 2013ರಲ್ಲಿ ಹರಾಜು ವ್ಯಾಪಾರಿ ಬಿಲ್ ಮಾಸ್ಟ್ರೋ, ಆ ಕಾರ್ಡ್ ತನ್ನ ಕೈಯಲ್ಲಿದ್ದಾಗ ಅದರ ಅಂಚು ಕತ್ತರಿಸಿದ್ದು ನಿಜ ಅಂತ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಲೇಬಲ್ ಒಂದು ಅಭಿಪ್ರಾಯ. ತೂಕದ ಅಭಿಪ್ರಾಯ ನಿಜ, ಆದರೂ ಸ್ಲ್ಯಾಬ್ ಒಳಗಿರುವ ಕಾರ್ಡನ್ನು ನಿಮ್ಮ ಕಣ್ಣಿನಿಂದ ನೋಡುವ ಹಕ್ಕು ಯಾವತ್ತೂ ಬಿಟ್ಟುಕೊಡಬೇಡಿ.

ಕತ್ತರಿಸಿದ್ದನ್ನು ಹಿಡಿಯಲು ಅಳತೆ ಮೊದಲ ಹೆಜ್ಜೆ. ಈಗಿನ ಕ್ರೀಡಾ ಕಾರ್ಡ್ ಸಾಮಾನ್ಯವಾಗಿ 63.5 × 88.9 ಮಿ.ಮೀ., ಪೋಕೆಮಾನ್ ಕಾರ್ಡ್ ಸುಮಾರು 63 × 88. ಹಳೆಯ ಸರಣಿಗಳಿಗೆ ಅವುಗಳದ್ದೇ ಅಳತೆ. ಕಾರ್ಖಾನೆಯಲ್ಲೂ ಒಂದಿಷ್ಟು ಹೆಚ್ಚುಕಡಿಮೆ ಆಗುವುದರಿಂದ ಅಳತೆ ಒಂದನ್ನೇ ನೋಡಿ ತೀರ್ಪು ಕೊಡಬೇಡಿ. ನಾಲ್ಕು ಅಂಚುಗಳಲ್ಲಿ ಒಂದು ಮಾತ್ರ ಬೇರೆ ರೀತಿ ಹೊಳೆದರೆ, ಅಥವಾ ನಡುವೆ ಸಣ್ಣಗೆ ಒಳಗೆ ಬಾಗಿದ್ದರೆ ಎಚ್ಚರ. ನಕಲಿಯ ಬಗ್ಗೆ ಒಂದೇ ಮಾತು: ಅಸಲಿ ಕಾರ್ಡ್‌ನ ಬಣ್ಣ ಲೂಪ್ ಅಡಿಯಲ್ಲಿ ಕ್ರಮವಾಗಿ ಜೋಡಿಸಿದ ಚಿಕ್ಕ ಚುಕ್ಕಿಗಳಾಗಿ ಕಾಣುತ್ತದೆ, ಅಕ್ಷರಗಳ ಕಪ್ಪು ಗಟ್ಟಿಯಾಗಿ, ಚೂಪಾಗಿ ಇರುತ್ತದೆ. ಅಕ್ಷರವೂ ಚುಕ್ಕಿ ಚುಕ್ಕಿಯಾಗಿ ಒಡೆದಿದ್ದರೆ ಅದನ್ನು ಪಕ್ಕಕ್ಕಿಡಿ.

ಈಗ ಉಳಿದ ಕಾರ್ಡ್‌ಗಳಿಗೆ ಹೀಗೆ ಮಾಡಿ. ಪ್ರತಿ ಕಾರ್ಡ್‌ಗೂ ಒಂದು ಚೀಟಿ ಇಡಿ. ನಾಲ್ಕೂ ಅಂಶಕ್ಕೆ ನಿಮ್ಮ ಅಂಕ, ಅತಿ ಕೆಟ್ಟ ಜಾಗ ಯಾವುದು, ಒಟ್ಟು ಅಂದಾಜು, ಮೂರನ್ನೂ ಬರೆಯಿರಿ. ಒಂದು ವಾರ ಬಿಟ್ಟು ಚೀಟಿ ನೋಡದೆ ಮತ್ತೆ ಅದೇ ಕಾರ್ಡ್ ನೋಡಿ ಅಂಕ ಹಾಕಿ. ಎರಡರಲ್ಲಿ ಕಡಿಮೆ ಇರುವುದನ್ನೇ ಇಟ್ಟುಕೊಳ್ಳಿ, ನಮ್ಮ ಕಾರ್ಡ್ ಮೇಲೆ ನಮಗೆ ಮಮಕಾರ ಇದ್ದೇ ಇರುತ್ತದೆ. ಆ ಕಡಿಮೆ ಅಂಕಕ್ಕೂ ಒಂದು ಕೆಳಗೆ ಬಂದರೆ ಕಳಿಸಿದ ಖರ್ಚು ನಷ್ಟ ಅನಿಸುತ್ತದೆಯೇ? ಹಾಗಾದರೆ ಕಳಿಸಬೇಡಿ. ಎಷ್ಟು ಕಾರ್ಡ್‌ಗೆ ಯಾವ ಅಂಕ ಬಂದಿದೆ ಅನ್ನುವ ಲೆಕ್ಕವನ್ನು ಸಂಸ್ಥೆಗಳು ಪಾಪ್ಯುಲೇಷನ್ ರಿಪೋರ್ಟ್ ಅಂತ ಹೊರಗಿಡುತ್ತವೆ, ಅದನ್ನೂ ನೋಡಿ. ಸಾವಿರಗಟ್ಟಲೆ 10 ಇರುವ ಕಾರ್ಡ್‌ಗೆ 8 ತೆಗೆದುಕೊಂಡು ಮಾಡುವುದೇನಿಲ್ಲ. 9 ಕೂಡ ವಿರಳವಾಗಿರುವ ಹಳೆಯ ಕ್ರೀಡಾ ಕಾರ್ಡ್‌ಗೆ 6 ಬಂದರೂ ಮರ್ಯಾದೆ ಇದೆ. ಮಾರುವ ಯೋಚನೆಯೇ ಇಲ್ಲ, ಇಷ್ಟದ ಕಾರ್ಡ್ ಭದ್ರವಾಗಿರಲಿ ಅಂತಾದರೆ ಅಂಕದ ಚಿಂತೆ ಬಿಟ್ಟು ಕಳಿಸಬಹುದು. ಅದೂ ಸರಿಯಾದ ಕಾರಣವೇ.

ರಿಂಗ್ ಫೈಲ್ ಇವತ್ತೇ ಖಾಲಿ ಮಾಡಿ. ರಿಂಗ್ ಇಲ್ಲದ, ಪಕ್ಕದಿಂದ ಕಾರ್ಡ್ ಸೇರಿಸುವ ಜೇಬುಗಳಿರುವ ಫೈಲ್ ಸಿಗುತ್ತದೆ. ಪ್ಲಾಸ್ಟಿಕ್ ಪಿವಿಸಿ ಅಲ್ಲದ್ದಾಗಿರಲಿ, ಪಾಲಿಪ್ರೊಪಿಲೀನ್ ಒಳ್ಳೆಯದು. ಒಂದು ಜೇಬಿಗೆ ಒಂದೇ ಕಾರ್ಡ್. ಹೋಲೋ ಕಾರ್ಡ್‌ಗಳು ತೇವ ಹೆಚ್ಚುಕಡಿಮೆ ಆದರೆ ಬಾಗುತ್ತವೆ, ಯಾಕಂದರೆ ಕಾಗದ ತೇವ ಹೀರಿ ಹಿಗ್ಗುತ್ತದೆ, ಹೊಳಪಿನ ಪದರ ಹಿಗ್ಗುವುದಿಲ್ಲ. ಗಾಳಿಯ ತೇವ 50 ಪ್ರತಿಶತ ಆಸುಪಾಸು ಇರುವ, ಬಿಸಿಲು ಬೀಳದ ಕಪಾಟು ಸಾಕು. ಬಾಗಿದ್ದನ್ನು ಕೈಯಿಂದ ಎದುರು ದಿಕ್ಕಿಗೆ ಬಗ್ಗಿಸಬೇಡಿ, ಮೇಲಿನ ಪದರ ಸುಕ್ಕಾಗುತ್ತದೆ.

ಕಳಿಸುವ ಕಾರ್ಡನ್ನು ಮೊದಲು ಮೆತ್ತನೆ ಸ್ಲೀವ್‌ಗೆ ಹಾಕಿ. ಹಾಕುವಾಗ ಸ್ಲೀವ್‌ನ ಬಾಯಿಯನ್ನು ಎರಡೂ ಕಡೆಯಿಂದ ಸ್ವಲ್ಪ ಒತ್ತಿ ಅಗಲ ಮಾಡಿಕೊಳ್ಳಿ, ಕೆಳಗಿನ ಮೂಲೆಗಳು ತಗುಲದ ಹಾಗೆ ಜಾರಿಸಿ. ಮೂಲೆಗೆ ಏಟಾಗುವುದು ಹೆಚ್ಚಾಗಿ ಈ ಗಳಿಗೆಯಲ್ಲೇ. ಆಮೇಲೆ ಅರೆಗಟ್ಟಿ ಹೋಲ್ಡರ್ ಒಳಗೆ ಸೇರಿಸಿ. ಪಿಎಸ್‌ಎ ಕೂಡ ಗಟ್ಟಿ ಟಾಪ್‌ಲೋಡರ್‌ಗಿಂತ ಅದನ್ನೇ ಬಯಸುತ್ತದೆ, ಅದರಿಂದ ಕಾರ್ಡ್ ಹೊರಗೆ ತೆಗೆಯುವುದು ಸುಲಭ. ಹೋಲ್ಡರ್ ಬಾಯಿಗೆ ಟೇಪ್ ಅಂಟಿಸಬೇಡಿ. ಎರಡು ರಟ್ಟಿನ ನಡುವೆ ಇಟ್ಟು, ಅಲುಗಾಡದಷ್ಟು ಮಾತ್ರ ಬಿಗಿ ಮಾಡಿ. ಕಳಿಸುವ ಮೊದಲು ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ, ನಿಮ್ಮ ಚೀಟಿಯ ಜೊತೆ ಇಟ್ಟುಕೊಳ್ಳಿ. ಅಂಕ ಬಂದ ದಿನ ಚೀಟಿ, ಸ್ಕ್ಯಾನ್, ಸ್ಲ್ಯಾಬ್ ಮೂರನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ನಿಮ್ಮ ಅಂದಾಜು ತಪ್ಪಿತು ಅಂತ ಮುಂದಿನ ಕಾರ್ಡ್ ಕಳಿಸುವ ಮೊದಲೇ ಹುಡುಕಿ.